ಸೋಮವಾರ ಏಳದ ಗಾಡಿ

ಗಾಡಿಯ ದೀಪ ಹತ್ತುತ್ತಿತ್ತು. ಹಾರನ್ ಒದರುತ್ತಿತ್ತು. ಪೆಟ್ರೋಲಂತೂ ಮೂಗಿಗೆ ಬಡಿಯುವಷ್ಟಿತ್ತು. ಆದರೆ ಪಂಡರಿ ಮುಂದೆ ನಿಂತು ಹ್ಯಾಂಡಲ್ ತಿರುವಿ ತಿರುವಿ ಅಂಗಿ ತೊಯ್ಸಿಕೊಂಡರೂ ಅದು ಒಮ್ಮೆ ಕೂಡ ಕೆಮ್ಮಲಿಲ್ಲ.

"ವೈನಿ, ಇದಕ್ಕ ಏನಾಗ್ಯದ?" ಎಂದು ನನ್ನನ್ನೇ ಕೇಳಿದ.

ನಾನು ಒಲೆ ಹತ್ತದಿದ್ದರೆ ಊದುಗೊಳವೆ ಹಿಡಿಯುವವಳು, ನನಗೇನು ತಿಳಿಯುತ್ತದೆ? "ಹಸಿ ಕಟಗಿ ಇಟ್ಟಂಗ ಆಗ್ಯದ ನೋಡಪ್ಪಾ" ಅಂದೆ.

"ಹಸಿ ಕಟಗಿ ಹೊಗಿಯರ ಬಿಡ್ತದ. ಇದು ಅದೂ ಬಿಡವಲ್ದು."

ಪಂಡರಿ ನನ್ನ ಮೈದುನ. ನಮ್ಮೂರು ಕೊಹಿನೂರ, ನಮ್ಮದು ಕುರಿ ಕಾಯುವ ಮನೆತನ. ನಮ್ಮಲ್ಲಿ ಗಂಡಸು ಅಂದರೆ ನಡೆಯುವವನು. ಮುಂಜಾನೆ ಹಿಂಡಿನ ಹಿಂದೆ ಹೊರಟರೆ ಹೊತ್ತು ಮುಳುಗುವವರೆಗೆ ಕಾಲು ನಿಲ್ಲುವಂತಿಲ್ಲ. ಪಂಡರಿಗೆ ಸಣ್ಣಂದಿನಲ್ಲಿ ಜ್ವರ ಬಂದು ಎಡಗಾಲು ಸೊರಗಿ ಜೋಳದ ದಂಟಿನಂತಾಗಿತ್ತು. ಅವನ ವಾರಿಗೆಯವರು ಕುರಿಯ ಹಿಂದೆ ಹೋದರೆ ಇವನು ಮನೆ ಬಾಗಿಲಲ್ಲಿ ಮುದುಕಿಯರ ಜೋಡಿ ಕೂತು ಉಣ್ಣೆ ನೂಲುತ್ತಿದ್ದ. ಊರವರು ಅವನ ಹೆಸರನ್ನು ಕುಂಟ ಎಂಬ ಮಾತು ಸೇರಿಸದೆ ಹೇಳುತ್ತಿರಲಿಲ್ಲ.

ನಮ್ಮ ಮನೆಯವರ ಹೆಸರು ಮಡೆಪ್ಪ. ಬಾಯಿ ಒರಟು, ಆದರೆ ತಮ್ಮನ ಕಾಲಿನ ಚಿಂತೆ ಅವರಿಗೂ ಇತ್ತು. ಬೀದರದಲ್ಲಿ ಮಿಲಿಟ್ರಿಯ ಹಳೇ ಗಾಡಿಗಳ ಹರಾಜು ಆದಾಗ ಕುರಿ ಮಾರಿ ಈ ಪೆಟ್ರೋಲ್ ಪಿಕಪ್ ತಂದರು. ಎಪ್ಪತ್ತನೇ ಇಸವಿ ದಾಟಿದ ಮೇಲಿನ ಮಾತಿದು. ಪಂಡರಿ ಕಲ್ಯಾಣಕ್ಕೆ ಹೋಗಿ ಓಡಿಸಲು ಕಲಿತ. ಕ್ಲಚ್ ತುಳಿಯುವಾಗ ಎಡಗೈಯಿಂದ ತನ್ನ ಮೊಣಕಾಲನ್ನು ತಾನೇ ಒತ್ತಿಕೊಳ್ಳುತ್ತಿದ್ದ. ಸೋಮವಾರ ನಮ್ಮ ಕುರಿ, ಊರವರ ಕುರಿ, ಉಣ್ಣೆ ಎಲ್ಲ ಹೇರಿಕೊಂಡು ಹುಮನಾಬಾದಿನ ಸಂತೆಗೆ ಹೋಗುವುದು, ಉಳಿದ ದಿನ ಕಲ್ಯಾಣದ ಕಡೆ ಸಣ್ಣಪುಟ್ಟ ಬಾಡಿಗೆ. ಆರು ತಿಂಗಳಾಗುವುದರೊಳಗೆ ಕುಂಟ ಹೋಗಿ 'ಡ್ರೈವರ್ ಸಾಬ್' ಆದ.

ಗಾಡಿ ಬಂದ ಹೊಸದರಲ್ಲಿ ಕಲ್ಯಾಣದ ಮಿಸ್ತ್ರಿ ಮಹೆಬೂಬ ಬಂದು ಎಲ್ಲ ಬಿಚ್ಚಿ ಜೋಡಿಸಿ ಕೊಟ್ಟಿದ್ದ. ನಮ್ಮ ಅತ್ತೆ ಧೂಳಮ್ಮ ಚೀಲದ ಮೇಲೆ ಕೂತು ನೋಡುತ್ತಿದ್ದಳು. "ಬೇಟಾ, ಇದರ ಜೀವ ಎಲ್ಲಿ ಅದ?" ಎಂದು ಕೇಳಿದಳು. ಮಹೆಬೂಬ ನಕ್ಕು, ಕಪ್ಪು ಟೋಪಿ ಹಾಕಿದ ಒಂದು ಡಬ್ಬಿಯ ಎರಡು ಕ್ಲಿಪ್ ಎತ್ತಿ ಒಳಗೆ ತೋರಿಸಿದ. ಆ ಡಬ್ಬಿಗೆ ಮಿಸ್ತ್ರಿಗಳು ಡೆಲ್ಕೋ ಅನ್ನುತ್ತಾರೆ. "ಜಾನ್ ಇಲ್ಲಿ ಅದ ಅಮ್ಮಾ. ಈ ಎರಡು ತುಟಿ ನೋಡ್ರಿ, ಇವಕ್ಕ ಪಾಯಿಂಟ್ ಅಂತಾರ. ಕೂಡ್ತಾವ, ಬಿಡ್ತಾವ. ಬಿಟ್ಟಾಗೆಲ್ಲಾ ಕಿಡಿ ಹುಟ್ಟತದ. ಪಂಡರಿ, ನೀ ಮಾತ್ರ ಇದರಾಗ ಕೈ ಹಾಕಬ್ಯಾಡ." ಪಂಡರಿ ಹಾಕಲಿಲ್ಲ. ಕರಂಟ್ ಅಂದರೆ ಅವನಿಗೆ ಹಾವು ಅಂದಷ್ಟು ಅಂಜಿಕೆ.

ಈಗ ಹ್ಯಾಂಡಲ್ ತಿರುವಿ ಸಾಕಾಗಿ ಅದೇ ಮಹೆಬೂಬನಿಗೆ ಹೇಳಿಕಳಿಸಿದೆವು. ಬರುವಷ್ಟರಲ್ಲಿ ಬಿಸಿಲೇರಿತ್ತು. ಕಟ್ಟಿದ ಕುರಿಗಳು ಒದರಿ ಒದರಿ ಸುಮ್ಮನಾಗಿದ್ದವು.

ಅವನು ಒಂದು ಪ್ಲಗ್ ಬಿಚ್ಚಿ, ಅದರ ವೈರ್‌ಗೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ಆನಿಸಿ, "ತಿರುವು" ಅಂದ. ಪಂಡರಿ ತಿರುವಿದ. ಕಿಡಿ ಇಲ್ಲ. ಕಿಡಿಗೆ ಕರಂಟ್ ಕೊಡುವ ಕಾಯಿಲಿನಿಂದ ಬರುವ ದಪ್ಪ ವೈರ್ ಕಿತ್ತು ಕಬ್ಬಿಣದ ಹತ್ತಿರ ಹಿಡಿದ. ಅಲ್ಲೂ ಇಲ್ಲ.

"ಲೈಟಿಗಿ ಕರಂಟ ಅದ, ಹಾರನ್ನಿಗಿ ಅದ, ಇದಕ್ಕೊಂದ ಇಲ್ಲ? ಇದೇನ್ ಮಲತಾಯಿ ಮಗನಾ?" ಎಂದರು ನಮ್ಮ ಮನೆಯವರು.

ಮಹೆಬೂಬ ಜೇಬಿನಿಂದ ಎರಡು ವೈರ್ ಕಟ್ಟಿದ ಸಣ್ಣ ಬಲ್ಬ್ ತೆಗೆದ. ಒಂದು ವೈರನ್ನು ಕಬ್ಬಿಣಕ್ಕೆ, ಇನ್ನೊಂದನ್ನು ಕಾಯಿಲಿನಿಂದ ಡೆಲ್ಕೋಗೆ ಹೋಗುವ ತಿರುಪಿಗೆ ಹಚ್ಚಿದ. ಪಂಡರಿ ತಿರುವುತ್ತಿದ್ದಂತೆ ಬಲ್ಬ್ ಉರಿಯಿತು. ನನಗೆ ಖುಷಿಯಾಯಿತು. ಅವನ ಮುಖ ಮಾತ್ರ ಸಣ್ಣಗಾಯಿತು.

"ಉರೀತಲ್ಲ, ಮತ್ತ್ಯಾಕ?" ಅಂದೆ.

"ಉರೀಬಾರದ್ರಿ ಭಾಭೀ. ಹ್ಯಾಂಡಲ್ ತಿರುವಿದಾಗ ಮಿಣಕ್ ಮಿಣಕ್ ಅನಬೇಕು. ಇದು ಸುಮ್ಮ ಒಂದ ಸವನ ಉರಿಯಾಕತ್ತದ."

ದೀಪ ಸರಿಯಾಗಿ ಉರಿದರೆ ಕೆಟ್ಟದ್ದು, ಮಿಣುಕಿದರೆ ಒಳ್ಳೆಯದು. ಇದೆಂಥ ಲೆಕ್ಕವೋ ನನಗೆ ಆಗ ತಿಳಿಯಲಿಲ್ಲ.

ಆಮೇಲೆ ಅವನು ಡೆಲ್ಕೋದ ಟೋಪಿ ಎತ್ತಿದ. ಬಗ್ಗಿ ನೋಡಿದ. ನೋಡಿದವನು ತಲೆ ಎತ್ತಿ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಅತ್ತೆಯನ್ನು ನೋಡಿದ. ಮತ್ತೆ ಒಳಗೆ ನೋಡಿದ. ಚೀಲದಿಂದ ಹೊಸ ಪಾಯಿಂಟ್ ತೆಗೆದು ಹಾಕಿ, ಹಳೆಯದನ್ನು ಕಾಗದದಲ್ಲಿ ಜೋಪಾನವಾಗಿ ಸುತ್ತಿ ಜೇಬಿಗಿಟ್ಟುಕೊಂಡ. ಒಂದೇ ಹ್ಯಾಂಡಲಿಗೆ ಗಾಡಿ ಎದ್ದಿತು.

"ಏನಾಗಿತ್ತೋ?" ಎಂದು ಪಂಡರಿ ಕೇಳಿದರೆ "ಪಾಯಿಂಟ್ ಹೋಗಿತ್ತು" ಎಂದಷ್ಟೇ ಹೇಳಿ ಚಾ ಕುಡಿದು ಹೋದ.

ವಾರವೆಲ್ಲ ಗಾಡಿ ಚಂದ ಓಡಿತು. ಮತ್ತೆ ಸೋಮವಾರ ಬಂತು, ಮತ್ತೆ ಏಳಲಿಲ್ಲ. ಮತ್ತೆ ಮಹೆಬೂಬ, ಮತ್ತೆ ಬಲ್ಬು, ಮತ್ತೆ ಹೊಸ ಪಾಯಿಂಟು. ಅದರ ಮುಂದಿನ ಸೋಮವಾರವೂ ಅದೇ ಹಾಡು.

ಮನೆಯಲ್ಲಿ ಬಾಯಿಗೊಂದು ಮಾತು ಶುರುವಾಯಿತು. ಓಣಿಯ ಸಖುಬಾಯಿ ಬಂದು ಯಾರದೋ ಕಣ್ಣು ತಾಕಿದೆ ಅಂದಳು. ಉಣ್ಣೆಯ ಧೂಳು ಒಳಗೆ ಹೋಗುತ್ತದೆ ಎಂದು ನಾನು ಅಂದುಕೊಂಡು ಗಾಡಿಯ ಹತ್ತಿರ ಉಣ್ಣೆ ಬಡಿಯುವುದನ್ನೇ ಬಿಟ್ಟೆ. ನಮ್ಮ ಮನೆಯವರಿಗೆ ಬೇರೆ ಸಂಶಯ. "ಸೋಮವಾರ ಒಂದ ದಿನ ಯಾಕ? ಹುಮನಾಬಾದಿಗಿ ಹೋಗಾಕ ಇವನಿಗೇ ಬ್ಯಾಸರ ಆಗಿರಬೇಕು" ಎಂದು ತಮ್ಮನಿಗೆ ಕೇಳಿಸುವಂತೆ ಅಂದರು.

ಪಂಡರಿ ಉಣ್ಣುತ್ತಿದ್ದವನು ಎದ್ದ. "ಅಣ್ಣಾ, ನೀನ ರಾತ್ರಿ ಏನರ ಕಿತ್ತಿ ಇಡ್ತಿ. ಗಾಡಿ ಮಾರಬೇಕಂತ ಮನಸ್ಸಿನಾಗ ಅದ ನಿನಗ."

"ನನ್ನ ಗಾಡಿ ಮಾರಲಾಕ ನಾ ಕಳ್ಳತನ ಮಾಡಬೇಕೇನಲೇ?"

ಅಂದಿನಿಂದ ಪಂಡರಿ ಹೊದಿಕೆ ಒಯ್ದು ಗಾಡಿಯಲ್ಲೇ ಮಲಗತೊಡಗಿದ. ಯಾರಾದರೂ ಮುಟ್ಟಲಿ, ಕೈ ಮುರಿಯುತ್ತೇನೆ ಅಂದ. ಆದರೂ ಸೋಮವಾರ ಗಾಡಿ ಏಳಲಿಲ್ಲ.

"ನಿನ್ನಿ ಯಾರ್ ಬಂದಿದ್ರು ಗಾಡಿ ಹತ್ರ?" ಎಂದು ಕೇಳಿದೆ.

"ಯಾರೂ ಬಂದಿಲ್ಲ ವೈನಿ. ನಾ ಉಣ್ಣಾಕ ಹೋದಾಗ ಅವ್ವ ಪೂಜಾ ಮಾಡಾಕ ಬಂದಿದ್ಲು, ಅಷ್ಟ."

ಅಷ್ಟೇ. ನಾನೂ ಅಷ್ಟಕ್ಕೇ ಬಿಟ್ಟೆ. ಐತವಾರ, ಅಂದರೆ ಭಾನುವಾರ, ನಮ್ಮ ಮೈಲಾರ ಮಲ್ಲಣ್ಣನ ವಾರ. ಅವತ್ತು ಸಂಜೆ ಅತ್ತೆ ಭಂಡಾರದ ಚೀಲ ಹಿಡಿದು ಹೊರಟರೆ ಮನೆಯಲ್ಲಿ ಅರಿಶಿಣದ ಪುಡಿ ಬೀಳದ ವಸ್ತು ಇರುತ್ತಿರಲಿಲ್ಲ. ಹೊಸ್ತಿಲು, ಬೀಸುವ ಕಲ್ಲು, ಟಗರಿನ ಹಣೆ, ನಮ್ಮ ಹಣೆ, ಗಾಡಿಯ ಗಾಲಿ, ಬಾನೆಟ್, ಸ್ಟೇರಿಂಗ್. ಮೊನ್ನೆಯ ದೀಪಾವಳಿಯ ಮುಂದೆ ಮನ್ನಾಏಖೇಳ್ಳಿಯ ಹತ್ತಿರ ಗಾಡಿ ಜಾರಿ ಹೊಲಕ್ಕಿಳಿದು ಪಂಡರಿ ಹಣೆ ಒಡೆದುಕೊಂಡು ಬಂದ ಮೇಲಂತೂ ಅತ್ತೆ ಈ ಪೂಜೆ ಒಂದು ವಾರವೂ ತಪ್ಪಿಸಿರಲಿಲ್ಲ. ಹಳದಿ ನಮ್ಮ ಕಣ್ಣಿಗೆ ಎಷ್ಟು ರೂಢಿಯಾಗಿತ್ತೆಂದರೆ ಅದು ಇದೆ ಎಂದೇ ನಮಗೆ ಕಾಣುತ್ತಿರಲಿಲ್ಲ.

ಆ ಸಲ ನಮ್ಮ ಮನೆಯವರು ಸಿಟ್ಟಿನಿಂದ ಬಸ್ಸು ಹತ್ತಿ ಹುಮನಾಬಾದಿಗೆ ಹೋದರು. ಸಂಜೆ ಬಂದು ಕೈಕಾಲು ತೊಳೆದುಕೊಂಡು ಎಲ್ಲರೆದುರು ಹೇಳಿದರು.

"ಮಾಣಿಕನಗರದ ದಿಗಂಬರ ಸಾವಕಾರ್ರಿಗಿ ಮಾತು ಕೊಟ್ಟ ಬಂದೀನಿ. ಎಂಜಿನ್ ಬಿಚ್ಚಿ ಬಾವಿ ನೀರಿಗಿ ಹಚ್ತಾರಂತ. ಮುಂದಿನ ಸೋಮವಾರ ಬರ್ತಾರ. ಅವರ ಎದುರಿಗಿ, ಮಿಸ್ತ್ರಿ ಕೈ ಹಚ್ಚದ ಗಾಡಿ ಚಾಲೂ ಆತಂದ್ರ ಗಾಡಿ ಪಂಡರೀದು. ಆಗಲಿಲ್ಲಂದ್ರ ಅವರದು."

ಮರುದಿನ ಮುಂಜಾನೆ ನಾನು ಕಸ ಹೊಡೆಯುವಾಗ ನೋಡಿದೆ. ಅಟ್ಟದ ಮೇಲೆ ಒಗೆದಿದ್ದ ಉಣ್ಣೆ ನೂಲುವ ಕದರನ್ನು ಪಂಡರಿ ಯಾವಾಗಲೋ ಇಳಿಸಿ ಬಾಗಿಲ ಹತ್ತಿರ ಗೋಡೆಗೆ ಆನಿಸಿಟ್ಟಿದ್ದ.

ಆ ವಾರ ಕಂಬಳಿ ಮಾರಲು ಪಂಡರಿಯ ಜೋಡಿ ನಾನೂ ಕಲ್ಯಾಣಕ್ಕೆ ಹೋದೆ. ಮಹೆಬೂಬ ಬಂದು ಹೋದ ಮೇಲೆ ಗಾಡಿ ಎಂದಿನಂತೆ ಚಂದ ಓಡುತ್ತಿತ್ತು. ಓಡುವ ಗಾಡಿಯನ್ನೇ ಮಾರಲು ನಿಂತಿದ್ದೇವಲ್ಲ ಅನ್ನಿಸಿ ಕೂತಲ್ಲಿ ಕೂಡಲಾಗಲಿಲ್ಲ. ಪಂಡರಿ ಪೆಟ್ರೋಲ್ ಹಾಕಿಸಲು ಹೋದಾಗ ನಾನೊಬ್ಬಳೇ ಮಹೆಬೂಬನ ಅಂಗಡಿಯೊಳಗೆ ಹೊಕ್ಕೆ.

"ಮಹೆಬೂಬ ಭಾಯಿ, ಖರೇ ಹೇಳ್ರಿ. ಈ ಗಾಡಿಗಿ ಏನ್ ರೋಗ ಅದ?"

ಅವನು ಕೈ ಒರೆಸಿಕೊಳ್ಳುತ್ತಾ ನಿಂತ. "ರೋಗ ಇಲ್ರಿ ಭಾಭೀ. ನಿಮ್ಮ ಮನೀ ರಿವಾಜ್ ಅದು. ನಾ ಏನ್ ಮಾತಾಡ್ಲಿ?"

"ಯಾವ ರಿವಾಜು?"

ಊದುಬತ್ತಿ ಹಚ್ಚುವ ಗೂಡಿನಿಂದ ಅವನು ಕಾಗದದ ಪೊಟ್ಟಣಗಳನ್ನು ತೆಗೆದು ಒಂದನ್ನು ಬಿಚ್ಚಿದ. ನಮ್ಮ ಗಾಡಿಯ ಹಳೇ ಪಾಯಿಂಟು. ಅದರ ಎರಡು ತುಟಿಗಳ ನಡುವೆ ದೀಪದ ಎಣ್ಣೆಯಲ್ಲಿ ಕಲಸಿದ ಭಂಡಾರ ಒಣಗಿ ಅಂಟಿಕೊಂಡಿತ್ತು. ಉಳಿದ ಪೊಟ್ಟಣಗಳಲ್ಲೂ ಅದೇ.

"ದೇವರದು ಅದ, ಕಸದಾಗ ಹ್ಯಾಂಗ ಒಗೀಲಿ? ಇಟ್ಟೀನಿ."

"ಒರೆಸಿದ್ರ ಆಗ್ತಿರಲಿಲ್ಲಾ?"

"ಒರೆಸಿದ್ರ ಅಲ್ಲೇ ಚಾಲೂ ಆಗ್ತಿತ್ರಿ. ಎಣ್ಣಿ ಅಡ್ಡ ಬಂದದ, ಪಾಯಿಂಟ್ ಕೂಡವಲ್ಲವು, ಕಿಡಿ ಹುಟ್ಟವಲ್ದು. ಆದ್ರ ಹಿಂದಕೊಮ್ಮೆ ಒಬ್ಬರ ಲಾರಿ ಮ್ಯಾಲಿನ ಕುಂಕುಮ ಒರೆಸಿ ನಾ ಬೈಸಿಕೊಂಡೀನಿ. ಅಮ್ಮ ಕಟ್ಟೀ ಮ್ಯಾಲ ಕುಂತು ನೋಡಾಕತ್ತಾರ, ನಾ ಅವರೆದುರಿಗಿ ಭಂಡಾರಕ್ಕ ಅರಿವಿ ಹಚ್ಚಲಾ? ಹೊಸಾದು ಹಾಕಿ ಬಿಟ್ಟೆ. ಮೊದಲ ಸಲ ಹಬ್ಬಕ್ಕ ಹಾಕಿರಬೇಕು ಅನಕೊಂಡೆ. ಮತ್ತ ಮತ್ತ ಕಂಡ ಮ್ಯಾಲ, ಹರಕಿ ಇರಬೇಕು, ಮನಿಯವರೆಲ್ಲಾ ಗೊತ್ತಿದ್ದೇ ಮಾಡ್ತಾರ ಅನಕೊಂಡೆ."

"ನಮಗ ಯಾರಿಗೂ ಗೊತ್ತಿಲ್ಲಪ್ಪಾ!"

"ಯಾ ಅಲ್ಲಾ!" ಎಂದು ಅವನು ಹಣೆ ಹಿಡಿದುಕೊಂಡ. "ಜಾನ್ ಇಲ್ಲಿ ಅದ ಅಂತ ನಾನ ತೋರಿಸಿದ್ದೆ ಅಮ್ಮಗ."

ಅತ್ತೆಗೆ ಯಾರು ಹೇಳಬೇಕು? ಅವನು ಒಲ್ಲೆ ಅಂದ. ಪಂಡರಿಗೆ ಹೇಳಿದರೆ ತಾಯಿಯ ಮೇಲೆ ಹಾರಾಡುತ್ತಾನೆ. ನಮ್ಮ ಮನೆಯವರಿಗೆ ಹೇಳಿದರೆ ಇಡೀ ಓಣಿಗೆ ಕೇಳುವಂತೆ ನಗುತ್ತಾರೆ. ಮಗನ ಜೀವ ಕಾಯಲಿ ಎಂದು ಹಾಕಿದ ಭಂಡಾರವೇ ಮಗನ ಅನ್ನ ಕಳೆಯುತ್ತಿದೆ ಎಂದು ಆ ಮುದುಕಿಗೆ ಯಾವ ಬಾಯಿಂದ ಹೇಳುವುದು? ಕೊನೆಗೆ ನಾನು ಅಂದೆ, "ಸೋಮವಾರ ಮುಂಜಾನೆ ಬರ್ರಿ. ಗಾಡಿಗಿ ಕೈ ಹಚ್ಚಬ್ಯಾಡ್ರಿ. ಆ ಬಲ್ಬ್ ಒಂದ ತಗೊಂಡ ಬರ್ರಿ." ಬಲ್ಬ್ ತಂದು ಏನು ಮಾಡುವುದೆಂದು ನನಗೇ ಗೊತ್ತಿರಲಿಲ್ಲ.

ಐತವಾರ ಅತ್ತೆ ಅರಿಶಿಣ ಕುಟ್ಟುತ್ತಿದ್ದಾಗ ಹತ್ತಿರ ಕೂತೆ. ಹೇಳಿಯೇ ಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ಗಂಗೂ, ಈ ಸಲ ಜರಾ ಜಾಸ್ತಿ ಹಾಕ್ತೀನಿ. ಕಡಿಮಿ ಬಿದ್ದಿದ್ದಕ್ಕ ಮಲ್ಲಣ್ಣ ಮುನದಾನ" ಅಂದಳು. ನಾನು ಬಾಯಿ ಮುಚ್ಚಿ, ಕುಟ್ಟಿದ ಅರಿಶಿಣ ಜರಡಿ ಹಿಡಿಯತೊಡಗಿದೆ.

ಸೋಮವಾರ ಮುಂಜಾನೆ ಎಂದಿನಂತೆ ಸ್ನಾನ ಮಾಡಿ ದೇವರ ಜಗಲಿಯ ಮುಂದೆ ಕೂತೆ. ನಮ್ಮ ಮನೆಯಲ್ಲಿ ನಿನ್ನೆಯ ಪೂಜೆ ಇಳಿಸುವುದು ಸೊಸೆಯ ಕೆಲಸ. ಬಾಡಿದ ಹೂವು ತೆಗೆದು, ಮೂರ್ತಿಯ ಮೇಲಿನ ಹಳೇ ಭಂಡಾರ ತೊಳೆದು, ಒರೆಸಿ ಇಟ್ಟರೆ ಮಾತ್ರ ಅತ್ತೆ ಹೊಸ ಪೂಜೆ ಮಾಡುವಳು. ಇಳಿಸದೆ ಏರಿಸಿದರೆ ಅದು ಪೂಜೆಯೇ ಅಲ್ಲ ಎಂದು ಈ ಮನೆಗೆ ಬಂದ ಹೊಸದರಲ್ಲಿ ಅವಳೇ ನನಗೆ ಬೈದು ಕಲಿಸಿದ್ದಳು. ಮಲ್ಲಣ್ಣನ ಮುಖ ಒರೆಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಹೊರಗೆ ಬಂದಾಗ ದಿಗಂಬರ ಸಾವಕಾರರು ಆಗಲೇ ಹೊರಸಿನ ಮೇಲೆ ಕೂತು ಚಾ ಕುಡಿಯುತ್ತಿದ್ದರು. ಗಾಡಿ ಎಳೆದೊಯ್ಯಲು ಎತ್ತಿನ ಜೋಡಿ ಗೊತ್ತು ಮಾಡಿದ್ದರು. ಮಹೆಬೂಬ ದೂರ ಬೇವಿನ ಮರದ ಕೆಳಗೆ ಕೈ ಹಿಂದೆ ಕಟ್ಟಿ ನಿಂತಿದ್ದ. ಪಂಡರಿ ಹ್ಯಾಂಡಲ್ ತಿರುವುತ್ತಿದ್ದ. ಗಾಡಿ ಸುಮ್ಮನಿತ್ತು.

"ಸಾಕು ಬಿಡಪ್ಪಾ" ಅಂದರು ಸಾವಕಾರರು. "ಸತ್ತ ಎಮ್ಮೀ ಬಾಲ ತಿರುವಿದ್ರ ಎದ್ದೀತೇನು?"

ಪಂಡರಿ ಹ್ಯಾಂಡಲ್ ಕೆಳಗಿಟ್ಟ. ನಮ್ಮ ಮನೆಯವರು ತಮ್ಮನ ಮುಖ ನೋಡದೆ, "ಒಯ್ರಿ" ಅಂದರು.

"ಜರಾ ನಿಲ್ರಿ" ಅಂದೆ. ಹಿರಿಯರು ಕೂತಲ್ಲಿ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ನಮ್ಮ ಮನೆಯವರು ಕಣ್ಣು ತೆರೆದು ನೋಡಿದರು. ನಾನು ಅತ್ತೆಯ ಹತ್ತಿರ ಹೋದೆ.

"ಅತ್ತಿ, ಜಗಲಿ ಮ್ಯಾಲಿನ ಪೂಜಾ ಇಳಿಸೀನಿ. ಗಾಡ್ಯಾಗಿಂದು ಇಳಿಸಿಲ್ಲ."

"ಗಾಡ್ಯಾಗಿಂದು?"

"ಡಬ್ಬಿ ಒಳಗ ನೀವು ಜೀವಕ್ಕ ಹಾಕಿದ್ದು. ಇಳಿಸದ ಏರಿಸಬಾರದು ಅಂತ ನೀವ ಹೇಳಿದ್ರಲ್ಲ? ನಾ ಮುಟ್ಟಂಗಿಲ್ಲ. ನಿಮ್ಮ ಕೈಯಿಂದ ಆದದ್ದು, ನೀವ ಇಳಿಸ್ರಿ."

ಪಂಡರಿ "ಯಾವ ಡಬ್ಬಿ?" ಅಂದ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಎಷ್ಟು ತಿಳಿಯಿತೋ ಆ ಕ್ಷಣಕ್ಕೆ ನನಗೆ ತಿಳಿಯಲಿಲ್ಲ. ಆದರೆ ಪೂಜೆಯ ವಿಷಯದಲ್ಲಿ ತಪ್ಪಾಗಿದೆ ಅಂದರೆ ಅವಳು ಕೂಡುವವಳಲ್ಲ. ಎದ್ದು ಬಂದಳು. ಬಾನೆಟ್ ಎತ್ತಿಸಿದಳು. ಬಗ್ಗಿ, ರೂಢಿಯ ಕೈಯಿಂದ ಎರಡೂ ಕ್ಲಿಪ್ ಬಿಚ್ಚಿ ಟೋಪಿ ತೆಗೆದಳು. ಪಂಡರಿ ಬಾಯಿ ತೆರೆದುಕೊಂಡು ನಿಂತ. ತಾನು ಹಾವು ಎಂದು ಅಂಜಿದ ಜಾಗದಲ್ಲಿ ಅವ್ವನ ಬೆರಳು ಆಡುತ್ತಿತ್ತು.

ಒಳಗೆ ಹಳದಿ ಮೆತ್ತಿತ್ತು. ಹೇಳಿದಂತೆ ಜಾಸ್ತಿಯೇ ಹಾಕಿದ್ದಳು.

"ಮಹೆಬೂಬ ಭಾಯಿ, ಬಲ್ಬ್ ಕೊಡ್ರಿ" ಅಂದೆ. ಅವನು ಹೇಳಿಕೊಟ್ಟಂತೆ ವೈರ್ ಹಿಡಿದೆ. ಪಂಡರಿ ಚಾವಿ ತಿರುಗಿಸಿ ಹ್ಯಾಂಡಲ್ ಹಾಕಿದ. ಬಲ್ಬ್ ಒಂದೇ ಸವನೆ ಉರಿಯಿತು.

"ನೋಡ್ರಿ ಅತ್ತಿ, ಹಿಂಗ ಉರೀಬಾರದಂತ. ಈಗ ಇಳಿಸ್ರಿ."

ಮಹೆಬೂಬ ಮರದ ಕೆಳಗಿನಿಂದಲೇ ಹೇಳುತ್ತಾ ಹೋದ. "ಅಮ್ಮಾ, ಮೊದಲ ಪೆಟ್ರೋಲ್ ಅರಿವಿ. ಹಗೂರ್ಕ. ಆಮ್ಯಾಲ ಕಡ್ಡಿಪೆಟಗಿ ಗೀರೋ ಅಂಚು ಹರದು ಎರಡು ತುಟಿ ನಡುವ ಎಳೀರಿ. ಹೌದು, ಹಂಗ. ಮತ್ತೊಮ್ಮೆ ಅರಿವಿ."

ಅತ್ತೆ ಅರಿವೆ ಹುಡುಕಲಿಲ್ಲ, ತನ್ನ ಸೆರಗಿನ ತುದಿಯನ್ನೇ ಪೆಟ್ರೋಲಿನಲ್ಲಿ ಅದ್ದಿದಳು. ಕೂಸಿನ ಕಣ್ಣಿನ ಪಿಸುರು ತೆಗೆಯುವಂತೆ ಒರೆಸಿದಳು.

"ತಿರುವೋ" ಅಂದೆ.

ಬಲ್ಬ್ ಮಿಣಕ್ ಅಂದಿತು. ಆರಿತು. ಮತ್ತೆ ಮಿಣಕ್ ಅಂದಿತು.

ಅತ್ತೆ ನನ್ನನ್ನು ನೋಡಿದಳು, ಬಲ್ಬನ್ನು ನೋಡಿದಳು, ತನ್ನ ಹಳದಿ ಸೆರಗನ್ನು ನೋಡಿದಳು. ಆಗ ಅವಳಿಗೆ ತಿಳಿಯಿತು. ಮುಖ ಕಪ್ಪಿಟ್ಟಿತು. ಟೋಪಿ ಹಾಕಿ ಕ್ಲಿಪ್ ಒತ್ತಿದಳು. ಪಂಡರಿ ಕಣ್ಣು ಮುಚ್ಚಿಕೊಂಡು ಹ್ಯಾಂಡಲ್ ಹೊಡೆದ. ಗಾಡಿ ಎದ್ದ ಸದ್ದಿಗೆ ಎತ್ತುಗಳು ಹಗ್ಗ ಕಿತ್ತುಕೊಳ್ಳಲು ನೋಡಿದವು.

ಸಾವಕಾರರು ಚಾದ ಬಸಿ ಕೆಳಗಿಟ್ಟು ಎದ್ದರು. "ಮಡೆಪ್ಪಾ, ಮಿಸ್ತ್ರಿ ಕೈ ಹಚ್ಚದ ಅಂದಿದ್ದಿ. ಮಿಸ್ತ್ರಿ ಇಲ್ಲೇ ನಿಂತಾನ."

"ನಿಂತಾನ್ರಿ. ಕೈ ಹಿಂದ ಕಟ್ಟಿ ನಿಂತಾನ" ಅಂದರು ನಮ್ಮ ಮನೆಯವರು. "ಹಚ್ಚಿದ್ದು ನಮ್ಮವ್ವ. ನಮ್ಮವ್ವಗ ಮಿಸ್ತ್ರಿ ಅಂತೀರೇನು ಸಾವಕಾರ್ರೇ?"

ಸಾವಕಾರರು ಅತ್ತೆಯ ಪೆಟ್ರೋಲ್ ಸುರಿಯುವ ಸೆರಗು ನೋಡಿ, ನಕ್ಕು, ಎತ್ತಿನವನಿಗೆ ನೊಗ ತಿರುಗಿಸಲು ಹೇಳಿದರು.

ಪಂಡರಿ ಕುರಿ ಹೇರತೊಡಗಿದ. ಅಣ್ಣ ಹಿಂದಿನಿಂದ ಹೋಗಿ ಒಂದು ಟಗರನ್ನು ಎತ್ತಿ ಕೊಟ್ಟರು. ಎರಡನೆಯ ಟಗರನ್ನೂ ಅವರೇ ಎತ್ತಿಕೊಟ್ಟರು.

ಅತ್ತೆ ಮಾತ್ರ ಮಹೆಬೂಬನ ಮುಂದೆ ಹೋಗಿ ನಿಂತಳು. "ಏ ಮಹೆಬೂಬ್ಯಾ, ಇಷ್ಟು ಸಲ ಬಂದಿ, ಇಷ್ಟು ಸಲ ಚಾ ಕುಡದಿ. ಅಮ್ಮಾ ಇದು ತಪ್ಪು ಅಂತ ಒಂದ ಮಾತು ಬರಲಿಲ್ಲ ಬಾಯಾಗ?"

"ಅಂಜಿದ್ನಿ ಅಮ್ಮಾ. ನಿಮ್ಮ ದೇವರು..."

"ದೇವರಿಗೇನ್ ಅಂಜಿಲ್ಲ ನೀ. ನನಗ ಅಂಜಿದಿ. ದಿನಾ ಮುಖಾ ತೊಳೆಸಿಕೊಳ್ಳೋ ದೇವರು ಒಂದ ಅರಿವಿಗಿ ಮುನೀತಾನೇನು? ನನ್ನ ಮಗನ ಗಾಡಿ ಹೋಗ್ತಿತ್ತಲ್ಲೋ!" ಅಂದವಳು ಅಲ್ಲೇ ಕುಸಿದು ಕೂತು ಅತ್ತಳು. ಮಹೆಬೂಬನ ಕಣ್ಣಲ್ಲೂ ನೀರು ಬಂತು. ನಾನು ಇಬ್ಬರಿಗೂ ನೀರು ತಂದು ಕೊಟ್ಟೆ.

ಇನ್ನು ಡಬ್ಬಿಯ ಒಳಗೆ ಪೂಜೆ ನಿಲ್ಲುತ್ತದೆ ಎಂದು ನಾವೆಲ್ಲ ತಿಳಿದೆವು. ನಿಲ್ಲಲಿಲ್ಲ. ಹಾಕಿದ ಮೇಲೆ ಬಿಡಲು ಬರುವುದಿಲ್ಲ, ಮನ್ನಾಏಖೇಳ್ಳಿಯ ರಸ್ತೆ ಇನ್ನೂ ಅಲ್ಲೇ ಇದೆ ಅಂದಳು. ಐತವಾರ ಸಂಜೆ ಹಾಕುವಳು, ಸೋಮವಾರ ಬೆಳಗಾಗುತ್ತಲೇ ಪೆಟ್ರೋಲ್ ಸೆರಗು ಹಿಡಿದು ಇಳಿಸುವಳು. ಅವಳಿಗೆ ಮೈಯಲ್ಲಿ ಹುಷಾರಿಲ್ಲದ ಸೋಮವಾರ ಪಂಡರಿ ಹೊದಿಕೆಯ ಹತ್ತಿರ ಕೂತು, "ಅವ್ವಾ, ಏಳು. ನೀ ಏಳೂ ತನಕ ಅದೂ ಏಳಂಗಿಲ್ಲ" ಎಂದು ಕಾಯುತ್ತಿದ್ದ. ಮಹೆಬೂಬ ಬಂದಾಗ ಹೇಳುತ್ತಿದ್ದ, ಕಲ್ಯಾಣದಿಂದ ಹುಮನಾಬಾದಿನವರೆಗೆ ಇಷ್ಟು ಸ್ವಚ್ಛ ಪಾಯಿಂಟ್ ಇನ್ನೊಂದು ಗಾಡಿಯಲ್ಲಿಲ್ಲ ಎಂದು.

ಆ ಬಲ್ಬಿನ ಲೆಕ್ಕವನ್ನು ನಾನು ಅವನಿಗೆ ಎಷ್ಟೋ ಸಲ ಕೇಳಿದ್ದೇನೆ. ಪಾಯಿಂಟ್ ಕೂಡಿದಾಗ ಯಾಕೆ ಆರುತ್ತದೆ, ಬಿಟ್ಟಾಗ ಯಾಕೆ ಹತ್ತುತ್ತದೆ, ಕೂಡಿ ಬಿಟ್ಟರೆ ಮಾತ್ರ ಯಾಕೆ ಕಿಡಿ ಹುಟ್ಟುತ್ತದೆ. ಅವನು ನೆಲದ ಮೇಲೆ ಗೆರೆ ಎಳೆದು ತೋರಿಸಿದ. ತೋರಿಸುವಾಗ ತಿಳಿದಂತಾಗುತ್ತಿತ್ತು. ಎದ್ದು ಒಲೆಯ ಮುಂದೆ ಬಂದು ಕೂತರೆ ಮತ್ತೆ ಎಲ್ಲ ಕಲಸಿಹೋಗುತ್ತಿತ್ತು.